ಸೂರಿಲ್ಲದವರ ಹಾಸಿಗೆ ಎಲ್ಲಿರಬೇಕು?

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ನಗರಾಡಳಿತ ಮತ್ತು ಸೂರಿಲ್ಲದ ಜನರನ್ನು ಕುರಿತವು. ಅವುಗಳಲ್ಲಿ ನಾಲ್ಕನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಜಿಲ್ಲಾ ಕೇಂದ್ರದ ಪಾಲಿಕೆಯು ಊರಾಚೆ ವಸತಿರಹಿತರ ಆಶ್ರಯ ಕೇಂದ್ರವೊಂದನ್ನು ತೆರೆದಿದೆ. ಮಂಚ, ಫ್ಯಾನು, ಕುಡಿಯುವ ನೀರು ಎಲ್ಲವೂ ಇವೆ. ಆದರೂ ಬಸ್ ನಿಲ್ದಾಣದ ಎದುರಿನ ಜಗಲಿಯ ಮೇಲೆ ಪ್ರತಿ ರಾತ್ರಿ ಇಪ್ಪತ್ತು ಮೂವತ್ತು ಜನ ಮಲಗಿರುತ್ತಾರೆ. ‘ಅವರಿಗೇ ಬೇಡ, ನಾವೇನು ಮಾಡೋಣ’ ಎಂಬ ಉತ್ತರ ಸಿಗುತ್ತದೆ. ಇದು ನಿಜವೇ?
– ಒಬ್ಬ ನಿವೃತ್ತ ಶಿಕ್ಷಕರು

ಉತ್ತರ: ಅವರು ಬೇಡವೆನ್ನುತ್ತಿರುವುದು ದೂರವನ್ನು. ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯ ಬಳಿ ಒಂದು ರಾತ್ರಿ ಎರಡು ಗಂಟೆಯ ಹೊತ್ತಿಗೆ ನಾನು ಕಂಡ ಹಮಾಲಿಯೊಬ್ಬರು, ತಲೆಗೆ ಸುತ್ತುವ ಸಿಂಬಿಯನ್ನೇ ದಿಂಬಾಗಿಸಿಕೊಂಡು, ತಳ್ಳುಗಾಡಿಯ ಚಕ್ರಕ್ಕೂ ತಮ್ಮ ಕಾಲಿಗೂ ಸೇರಿಸಿ ಒಂದು ಹಗ್ಗ ಬಿಗಿದುಕೊಂಡು ಮಲಗಿದ್ದರು. ಯಾರಾದರೂ ಗಾಡಿ ಎಳೆದರೆ ಎಚ್ಚರವಾಗಲಿ ಎಂದು ಆ ಹಗ್ಗ. ಸ್ವಲ್ಪ ಹೊತ್ತಿಗೆಲ್ಲ ಹೂವಿನ ಲಾರಿ ಬಂತು. ಅವರು ಹಗ್ಗ ಬಿಚ್ಚಿ, ಸಿಂಬಿ ಸುತ್ತಿಕೊಂಡು ಹೊರಟೇಬಿಟ್ಟರು. ಅವರ ದಿನದ ಗಳಿಕೆ ನಿಂತಿರುವುದೇ ಆ ಹೊತ್ತಿನ ಮೇಲೆ. ಐದಾರು ಮೈಲಿ ಆಚೆ ಎಷ್ಟು ಒಳ್ಳೆಯ ಮಂಚ ಹಾಕಿಕೊಟ್ಟರೂ ಅದು ಅವರ ಪಾಲಿಗೆ ಇಲ್ಲದ್ದೇ ಸರಿ.

ಇದು ನಿಯಮ ರೂಪಿಸಿದವರಿಗೆ ತಿಳಿಯದ ಸಂಗತಿಯೇನಲ್ಲ. 2010ರಲ್ಲಿ ಸುಪ್ರೀಂ ಕೋರ್ಟ್, ಆಹಾರದ ಹಕ್ಕಿನ ಪ್ರಕರಣದ ಭಾಗವಾಗಿ, ದೊಡ್ಡ ನಗರಗಳಲ್ಲಿ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ, ವರ್ಷವಿಡೀ ಹಗಲು ರಾತ್ರಿ ತೆರೆದಿರುವ ಆಶ್ರಯ ಕೇಂದ್ರಗಳಿರಬೇಕೆಂದು ಹೇಳಿತು. ಆಮೇಲೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯು ಕನಿಷ್ಠ 50 ಜನರಿಗೆ ಒಂದು ಕೇಂದ್ರ, ತಲೆಗೆ 50 ಚದರ ಅಡಿ ಜಾಗ ಎಂಬ ಲೆಕ್ಕ ಕೊಟ್ಟಿದ್ದಲ್ಲದೆ, ಕೇಂದ್ರವು ರೈಲು ನಿಲ್ದಾಣ, ಬಸ್ ನಿಲ್ದಾಣ, ಸಗಟು ಮಾರುಕಟ್ಟೆಗಳಂತಹ, ಜನ ಈಗಾಗಲೇ ಮಲಗುತ್ತಿರುವ ಮತ್ತು ದುಡಿಯುತ್ತಿರುವ ಜಾಗಗಳ ಸಮೀಪವೇ ಇರಬೇಕೆಂದೂ ಸ್ಪಷ್ಟವಾಗಿ ಹೇಳಿತ್ತು. ಪಾಲಿಕೆಯ ಖಾಲಿ ಕಟ್ಟಡ ಎಲ್ಲಿ ಸಿಕ್ಕಿತೋ ಅಲ್ಲಿ ಫಲಕ ತೂಗುಹಾಕಿದರೆ ಕಡತದಲ್ಲಿ ಗುರಿ ತಲುಪಿದಂತಾಗುತ್ತದೆ, ಜಗಲಿಯ ಮೇಲೆ ಮಲಗುವವರ ಸಂಖ್ಯೆ ಮಾತ್ರ ಇಳಿಯುವುದಿಲ್ಲ. ಕೇಂದ್ರ ಹತ್ತಿರವೇ ಇದ್ದರೂ, ಗಂಡ ಹೆಂಡತಿ ಮಕ್ಕಳು ಒಟ್ಟಿಗೆ ಇರಲು ಅವಕಾಶವಿಲ್ಲದಿದ್ದರೆ, ತಳ್ಳುಗಾಡಿ ನಿಲ್ಲಿಸಲು ಜಾಗವಿಲ್ಲದಿದ್ದರೆ ಜನ ಬರುವುದಿಲ್ಲ.

ಇನ್ನೊಂದು ಕಾರಣ ಭಯ. ನಮ್ಮಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ಆಸ್ತಿ ತೆರಿಗೆಯ ಜೊತೆಗೆ ಶೇ 3ರಷ್ಟು ಭಿಕ್ಷುಕರ ಕರವನ್ನು ನೀವೂ ನಾನೂ ಕಟ್ಟುತ್ತಿರುವುದು ಅದರ ಅಡಿಯಲ್ಲೇ. ಭಿಕ್ಷೆ ಬೇಡುವವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಒಯ್ಯಲು ಈ ಕಾಯ್ದೆ ಅವಕಾಶ ಕೊಡುತ್ತದೆ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿರುವ ಅಂತಹ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಸಾಲುಸಾಲು ಸಾವುಗಳಾದ ಸುದ್ದಿಯನ್ನು ಬೀದಿಯ ಜನ ಮರೆತಿಲ್ಲ. ಕೂಲಿ ಮಾಡಿ ಬದುಕುವವರೂ ಸರ್ಕಾರಿ ವ್ಯಾನು ಕಂಡೊಡನೆ ಗಂಟು ಮೂಟೆ ಎತ್ತಿಕೊಂಡು ಕತ್ತಲಿಗೆ ಸರಿಯುವುದು ಇದರಿಂದಲೇ. ಕರೆಯಲು ಹೋಗುವವರು ಆ ವ್ಯಾನಿನಲ್ಲಿ ಹೋಗದೆ, ಅವರಿಗೆ ಪರಿಚಯವಿರುವ ಸಂಘದವರ ಜೊತೆ ನಡೆದುಕೊಂಡು ಹೋಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ: ಸರ್ಕಾರ ವರ್ಷವರ್ಷವೂ ಮನೆಗಳನ್ನು ಹಂಚುತ್ತಿದೆ. ಬೀದಿಯಲ್ಲಿರುವವರಿಗೇ ಮೊದಲು ಏಕೆ ಸಿಗುವುದಿಲ್ಲ?
– ಗೃಹಿಣಿ, ಹಾಸನ

ಉತ್ತರ: ವಸತಿ ಕೊರತೆ ಮತ್ತು ವಸತಿಹೀನತೆ ಬೇರೆ ಬೇರೆ. ಕೇಂದ್ರ ಸರ್ಕಾರದ ತಾಂತ್ರಿಕ ತಂಡವೊಂದು 2012ರಲ್ಲಿ ದೇಶದ ನಗರಗಳಲ್ಲಿ ಸುಮಾರು 1.88 ಕೋಟಿ ಮನೆಗಳ ಕೊರತೆಯಿದೆ ಎಂದು ಅಂದಾಜಿಸಿತು. ಅದರಲ್ಲಿ ಸುಮಾರು ಒಂದೂವರೆ ಕೋಟಿ ಕುಟುಂಬಗಳು ಇಕ್ಕಟ್ಟಾದ ಮನೆಗಳಲ್ಲಿ ಒತ್ತಿಕೊಂಡು ಬದುಕುತ್ತಿರುವವು. ಮನೆಯೇ ಇಲ್ಲದವು ಐದು ಲಕ್ಷದಷ್ಟು. ಹೀಗಾಗಿ ವಸತಿ ಯೋಜನೆಗಳೆಲ್ಲ ಮೊದಲಿನವರನ್ನು ನೋಡಿಯೇ ರೂಪುಗೊಂಡಿವೆ. ಸ್ವಂತ ನಿವೇಶನವಿದ್ದರೆ ಮನೆ ಕಟ್ಟಲು ಸಹಾಯಧನ ಸಿಗುತ್ತದೆ, ಘೋಷಿತ ಕೊಳೆಗೇರಿಯ ನಿವಾಸಿಯಾಗಿದ್ದರೆ ಕೊಳಗೇರಿ ಅಭಿವೃದ್ಧಿ ಮಂಡಳಿಯ ಪಟ್ಟಿಯಲ್ಲಿ ಹೆಸರು ಸೇರುತ್ತದೆ. ಫುಟ್‌ಪಾತಿನವರಿಗೆ ನಿವೇಶನವೂ ಇಲ್ಲ, ಕೊಳೆಗೇರಿಯ ವಿಳಾಸವೂ ಇಲ್ಲ. ಮನೆ ಪಡೆಯುವವರನ್ನು ಆರಿಸುವ, ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಯ ಮುಂದೆ ಪಡಿತರ ಚೀಟಿ, ಆದಾಯ ಪ್ರಮಾಣಪತ್ರ, ವಾಸದ ದೃಢೀಕರಣ ಇಡಬೇಕಾದಾಗ ಅವರು ಬಾಗಿಲಲ್ಲೇ ನಿಲ್ಲುತ್ತಾರೆ.

ಪಟ್ಟಿಯಲ್ಲಿ ಹೆಸರಿದ್ದವರಿಗೂ ವಂತಿಗೆಯ ಹೊರೆ ಇದ್ದೇ ಇತ್ತು. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಕೇಂದ್ರದ ಪಾಲು ಮನೆಯೊಂದಕ್ಕೆ 1.5 ಲಕ್ಷ ರೂಪಾಯಿ. ರಾಜ್ಯದ ಪಾಲು ಸೇರಿದ ಮೇಲೂ ಉಳಿಯುವ ಲಕ್ಷಾಂತರ ರೂಪಾಯಿಗೆ ಬ್ಯಾಂಕುಗಳು ಸಾಲ ಕೊಡಲಿಲ್ಲ, ಕಟ್ಟಡಗಳು ಅರ್ಧಕ್ಕೆ ನಿಂತವು. ಫಲಾನುಭವಿ ಒಂದು ಲಕ್ಷ ಕೊಟ್ಟರೆ ಸಾಕು, ಮಿಕ್ಕದ್ದನ್ನು ತಾನು ಭರಿಸುವೆನೆಂದು ರಾಜ್ಯ ಸರ್ಕಾರ ಒಪ್ಪಿಕೊಂಡ ಮೇಲೆ, 2024ರ ಮಾರ್ಚ್‌ನಲ್ಲಿ ಮೊದಲ ಹಂತದ 36 ಸಾವಿರಕ್ಕೂ ಹೆಚ್ಚು ಮನೆಗಳ ಹಂಚಿಕೆ ನಡೆಯಿತು. ಇದು ಒಳ್ಳೆಯ ಕೆಲಸ. ಆದರೆ ಆ ಒಂದು ಲಕ್ಷವೂ ಜಗಲಿಯ ಮೇಲೆ ಮಲಗುವವರ ಕೈಗೆ ಎಟುಕುವುದಿಲ್ಲ.

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ನನ್ನ ಮಗಳು, ಅಲ್ಲಿ ಮನೆ ಕಳೆದುಕೊಂಡವರಿಗೆ ಸ್ಥಳೀಯ ಕೌನ್ಸಿಲ್ ನೆರವಾಗಲೇಬೇಕೆಂಬ ಕಾನೂನಿದೆ ಎನ್ನುತ್ತಾಳೆ. ನಮ್ಮಲ್ಲೂ ಅದು ಬರಬಾರದೇಕೆ?
– ಒಬ್ಬ ಓದುಗರು, ಮೈಸೂರು

ಉತ್ತರ: ನಿಮ್ಮ ಮಗಳ ಮಾತು ಸರಿ. ಅಲ್ಲಿ 1977ರಿಂದಲೇ ಅಂತಹ ಕಾನೂನಿದೆ. 2018ರಲ್ಲಿ ಜಾರಿಗೆ ಬಂದ ಇನ್ನೊಂದು ಕಾಯ್ದೆಯಂತೆ, 56 ದಿನಗಳೊಳಗೆ ಮನೆ ಕಳೆದುಕೊಳ್ಳುವ ಸ್ಥಿತಿಯಲ್ಲಿರುವವರಿಗೂ ಕೌನ್ಸಿಲ್ ಮುಂಚಿತವಾಗಿ ನೆರವಾಗಬೇಕು. ಆದರೆ 1980ರಿಂದ ಕೌನ್ಸಿಲ್ ಮನೆಗಳನ್ನು ಬಾಡಿಗೆದಾರರಿಗೇ ಮಾರುತ್ತ ಬಂದು, ಅಷ್ಟೇ ಸಂಖ್ಯೆಯ ಹೊಸ ಮನೆಗಳನ್ನು ಕಟ್ಟದಿದ್ದುದರಿಂದ, ಈಗ ಒಂದು ಲಕ್ಷಕ್ಕೂ ಹೆಚ್ಚು ಕುಟುಂಬಗಳು ತಾತ್ಕಾಲಿಕ ವಸತಿಯಲ್ಲಿವೆ. ನಮಗೂ ಕಾನೂನು ಬೇಕು, ಅದರ ಜೊತೆಗೆ ಪಾಲಿಕೆಯ ಕೈಯಲ್ಲೇ ಉಳಿಯುವ, ಮಾರಲಾಗದ, ಕಡಿಮೆ ಬಾಡಿಗೆಯ ಕೋಣೆಗಳೂ ಬೇಕು. ಆಶ್ರಯ ಕೇಂದ್ರದ ಮಂಚ ಮತ್ತು ಸ್ವಂತ ಮನೆಯ ಹಕ್ಕುಪತ್ರ, ಇವೆರಡರ ನಡುವೆ ನಮ್ಮ ಊರುಗಳಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. 2020ರಲ್ಲಿ ಕೇಂದ್ರ ಸರ್ಕಾರ, ಕಟ್ಟಿ ಖಾಲಿ ಬಿದ್ದಿರುವ ಸರ್ಕಾರಿ ಮನೆಗಳನ್ನು ವಲಸೆ ಕಾರ್ಮಿಕರಿಗೆ ಬಾಡಿಗೆಗೆ ಕೊಡುವ ಯೋಜನೆಯನ್ನು ತಂದಿತ್ತು. ಅದನ್ನು ಪ್ರತಿ ನಗರಸಭೆಯೂ ತನ್ನದೆಂದು ಎತ್ತಿಕೊಳ್ಳಬೇಕಿತ್ತು.

ಪ್ರಶ್ನೆ: ನಮ್ಮ ಬೀದಿಯ ಮೂಲೆಯಲ್ಲಿ ಅಜ್ಜಿಯೊಬ್ಬರು ತಿಂಗಳಿನಿಂದ ಮಲಗುತ್ತಿದ್ದಾರೆ. ನಾನು ಏನು ಮಾಡಬಹುದು?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಮೊದಲು ಅವರ ಪಕ್ಕ ಕುಳಿತು ಮಾತಾಡಿಸಿ, ಅವರಿಗೇನು ಬೇಕೆಂದು ಕೇಳಿ. ಒಪ್ಪಿದರೆ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಪಾಲಿಕೆಯ ಕಚೇರಿಯಲ್ಲಿ ಮಹಿಳೆಯರಿಗಾಗಿ ಇರುವ ಆಶ್ರಯ ಕೇಂದ್ರವನ್ನು ವಿಚಾರಿಸಿ, ಸಾಧ್ಯವಾದರೆ ನೀವೇ ಜೊತೆಗೆ ಹೋಗಿ. ಅಲ್ಲಿ ಸೇರಿದ ಮೇಲೆ, ಮಾನ್ಯತೆ ಪಡೆದ ಕೇಂದ್ರವಾಗಿದ್ದರೆ ಅದರ ಮೇಲ್ವಿಚಾರಕರು ನಿಗದಿತ ನಮೂನೆಯಲ್ಲಿ ಕೊಡುವ ಪ್ರಮಾಣಪತ್ರದಿಂದ ಆಧಾರ್ ಮಾಡಿಸಬಹುದು. ವೃದ್ಧಾಪ್ಯ ವೇತನದ ಅರ್ಜಿಗೂ ಪಡಿತರ ಚೀಟಿಗೂ ಅದೇ ಮೊದಲ ಕಾಗದವಾಗುತ್ತದೆ. ಅವರ ಬಳಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಹಳೆಯ ಕಾಗದಗಳೇನಾದರೂ ಇದ್ದರೆ, ಎಷ್ಟೇ ಮಾಸಿದ್ದರೂ ಎಸೆಯಲು ಬಿಡಬೇಡಿ.