ಗೃಹಸಾಲದ ಬಡ್ಡಿ ಇಳಿಸಲು ಠೇವಣಿ ಮುರಿಯಬೇಕೇ, ತೊಗರಿ ಹಣವನ್ನು ಸಾಲದ ಖಾತೆಯಲ್ಲಿ ಇಡಬೇಕೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಕಲಬುರಗಿಯ ಸೇಡಂ ರಸ್ತೆ ಕಡೆ ಮನೆ ಕಟ್ಟಿಸಲು 25 ಲಕ್ಷ ರೂಪಾಯಿ ಸಾಲವನ್ನು 20 ವರ್ಷದ ಅವಧಿಗೆ, ಶೇ. 8.5ರ ಬಡ್ಡಿಗೆ ಪಡೆದು ಮೂರು ವರ್ಷ ಕಂತು ಕಟ್ಟಿದ್ದೀರಿ. 5 ಲಕ್ಷದ ಠೇವಣಿ ಇದೆ. ಊರಿನ ಹೊಲದ ತೊಗರಿ ಮಾರಿದ ಸುಮಾರು 3 ಲಕ್ಷ ಜನವರಿಯಲ್ಲಿ ಕೈಗೆ ಬಂದು, ಮಿರಗದ (ಮೃಗಶಿರ ಮಳೆಯ) ಹೊತ್ತಿಗೆ ಬೀಜ, ಗೊಬ್ಬರ, ಕೂಲಿ ಎಂದು ಹೊರಟುಹೋಗುತ್ತದೆ. ಬ್ಯಾಂಕಿನವರು ಕಾಲು ಪರ್ಸೆಂಟ್ ಹೆಚ್ಚಿನ ಬಡ್ಡಿಗೆ ಸಾಲವನ್ನು ಓವರ್‌ಡ್ರಾಫ್ಟ್ ಮಾದರಿಗೆ (ಹೆಚ್ಚುವರಿ ಹಣವನ್ನು ಸಾಲದ ಖಾತೆಯಲ್ಲಿಟ್ಟು ಬೇಕಾದಾಗ ತೆಗೆಯುವ ಬಗೆಗೆ) ಬದಲಿಸಿಕೊಳ್ಳಿ ಎನ್ನುತ್ತಿದ್ದಾರೆ. ಠೇವಣಿ ಮುರಿದು ಸಾಲಕ್ಕೆ ಕಟ್ಟುವುದೋ, ಬ್ಯಾಂಕಿನವರ ಮಾತು ಕೇಳುವುದೋ ಎಂಬುದು ನಿಮ್ಮ ಗೊಂದಲ.

ನಾನು ಜೇವರ್ಗಿ ರಸ್ತೆ ಕಡೆ 2013ರಲ್ಲಿ ಮನೆ ಕಟ್ಟಿಸಿದವನು. ಈ ಎರಡೂ ದಾರಿಗಳಲ್ಲಿ ನಡೆದು ನೋಡಿದ್ದೇನೆ, ಎರಡರಲ್ಲೂ ಒಂದೊಂದು ಸಲ ಎಡವಿದ್ದೇನೆ.

ಮೊದಲು ಲೆಕ್ಕ. ನಿಮ್ಮ ಕಂತು ತಿಂಗಳಿಗೆ 21,696 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 17,708 ರೂಪಾಯಿ ಬಡ್ಡಿಗೇ ಹೋಗಿ, ಅಸಲಿಗೆ ಜಮೆಯಾದದ್ದು 3,988 ಮಾತ್ರ. ಮೂರು ವರ್ಷದಲ್ಲಿ ನೀವು ಕಟ್ಟಿದ ಸುಮಾರು 7.8 ಲಕ್ಷದಲ್ಲಿ ಅಸಲು ಕರಗಿದ್ದು 1.63 ಲಕ್ಷದಷ್ಟು, ಇನ್ನೂ 23.37 ಲಕ್ಷ ಬಾಕಿ ಇದೆ. ಹೀಗಾಗಿ ಈಗಿನ ವರ್ಷಗಳಲ್ಲಿ ಅಸಲಿಗೆಂದು ಹೆಚ್ಚುವರಿಯಾಗಿ ಕಟ್ಟಿದ ಪ್ರತಿ ರೂಪಾಯಿಯೂ ಮುಂದಿನ 17 ವರ್ಷದ ಬಡ್ಡಿಯನ್ನು ತಪ್ಪಿಸುತ್ತದೆ. ಕೊನೆಯ ವರ್ಷಗಳಲ್ಲಿ ಕಟ್ಟಿದರೆ ಆ ಪ್ರಯೋಜನವಿಲ್ಲ.

ಐದೂ ಲಕ್ಷವನ್ನು ಒಮ್ಮೆಲೇ ಕಟ್ಟಿಬಿಡಿ ಎಂದು ಮಾತ್ರ ನಾನು ಹೇಳುವುದಿಲ್ಲ. ಸಾಮಾನ್ಯ ಗೃಹಸಾಲಕ್ಕೆ ಒಮ್ಮೆ ಕಟ್ಟಿದ ಹಣವನ್ನು ಆಸ್ಪತ್ರೆಯ ಖರ್ಚು ಬಂತೆಂದು ಮರಳಿ ಕೇಳಲಾಗದು, ಆಗ ವೈಯಕ್ತಿಕ ಸಾಲಕ್ಕೋ ಬಂಗಾರದ ಸಾಲಕ್ಕೋ ಕೈಚಾಚಬೇಕಾಗುತ್ತದೆ. 2 ಲಕ್ಷ ಕೈಯಲ್ಲಿ ಉಳಿಸಿಕೊಂಡು 3 ಲಕ್ಷವನ್ನು ಅಸಲಿಗೆ ಕಟ್ಟಿ, ಕಂತನ್ನು ಇದ್ದಂತೆಯೇ ಇಟ್ಟುಕೊಂಡರೆ ಉಳಿದ 204 ತಿಂಗಳ ಅವಧಿ 155 ತಿಂಗಳಿಗೆ ಇಳಿಯುತ್ತದೆ, ಉಳಿತಾಯವಾಗುವ ಬಡ್ಡಿ ಸುಮಾರು 7.6 ಲಕ್ಷ. ಅದೇ 3 ಲಕ್ಷ ಕಟ್ಟಿ, ಅವಧಿಯನ್ನು ಹಾಗೇ ಬಿಟ್ಟು ಕಂತು ಇಳಿಸಿಕೊಂಡರೆ ತಿಂಗಳಿಗೆ 2,785 ರೂಪಾಯಿ ಹಗುರವೆನಿಸುತ್ತದೆ, ಆದರೆ ಒಟ್ಟು ಉಳಿಯುವುದು 2.7 ಲಕ್ಷದ ಆಸುಪಾಸು.

ನನ್ನ ಮೊದಲ ತಪ್ಪು ಆಗಿದ್ದು ಇಲ್ಲಿಯೇ. 2 ಲಕ್ಷದ ಚೆಕ್ಕಿನೊಂದಿಗೆ ಚೀಟಿ ತುಂಬಿ ಕೌಂಟರಿನಲ್ಲಿ ಕೊಟ್ಟು ಬಂದೆ. ಅವಧಿ ಇಳಿಸಿ ಎಂದು ಬರೆದು ಕೊಡಲಿಲ್ಲ. ಮುಂದಿನ ತಿಂಗಳು ಕಂತು ಕಡಿಮೆಯಾಗಿ ಕಡಿತವಾದಾಗ ಹಿಗ್ಗಿದೆ ಕೂಡ. ನಾಲ್ಕು ತಿಂಗಳ ಮೇಲೆ ಪಾಸ್‌ಬುಕ್ ಮುದ್ರಿಸಿಕೊಂಡು ನೋಡುತ್ತ ಕುಳಿತಾಗ, ಸಾಲ ಮುಗಿಯುವ ವರ್ಷ ಒಂದು ದಿನವೂ ಹಿಂದೆ ಬಂದಿಲ್ಲವೆಂಬುದು ಹೊಳೆಯಿತು. ಅರ್ಜಿ ಕೊಟ್ಟು ಸರಿಪಡಿಸಿಕೊಂಡೆನಾದರೂ ಮೂರು ಸಲ ಶಾಖೆಗೆ ಅಲೆಯಬೇಕಾಯಿತು. ನೀವು ಕಟ್ಟುವ ದಿನವೇ ಅರ್ಜಿ ಬರೆದುಕೊಟ್ಟು, ಅದರ ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಂಡು, ಪರಿಷ್ಕೃತ ಕಂತಿನ ಪಟ್ಟಿಯನ್ನು ಕೇಳಿ ಪಡೆಯಿರಿ. ಫ್ಲೋಟಿಂಗ್ (ಕಾಲಕಾಲಕ್ಕೆ ಬದಲಾಗುವ) ದರದ ಗೃಹಸಾಲವನ್ನು ಅವಧಿಗೆ ಮೊದಲು ತೀರಿಸಿದರೆ ಬ್ಯಾಂಕುಗಳು ದಂಡ ಹಾಕಕೂಡದೆಂದು ರಿಸರ್ವ್ ಬ್ಯಾಂಕ್ 2012ರಲ್ಲಿಯೇ ಆದೇಶಿಸಿದೆ, ಆದ್ದರಿಂದ ಆ ಚಿಂತೆ ಬೇಡ.

ಇನ್ನು ಓವರ್‌ಡ್ರಾಫ್ಟ್ ಮಾದರಿ. ಸ್ಟೇಟ್ ಬ್ಯಾಂಕಿನ ಮ್ಯಾಕ್ಸ್‌ಗೇನ್ ಈ ಬಗೆಯದು, ಬೇರೆ ಬ್ಯಾಂಕುಗಳಲ್ಲೂ ಬೇರೆ ಹೆಸರುಗಳಲ್ಲಿ ಇದೆ. ಇಲ್ಲಿ ನಿಮ್ಮ ಹೆಚ್ಚುವರಿ ಹಣ ಸಾಲದ ಖಾತೆಯಲ್ಲಿಯೇ ಕೂರುತ್ತದೆ. ಪ್ರತಿದಿನದ ಬಾಕಿಯಿಂದ ಅದನ್ನು ಕಳೆದು, ಉಳಿದದ್ದಕ್ಕೆ ಮಾತ್ರ ಬಡ್ಡಿ ಹಾಕುತ್ತಾರೆ. ಬೇಕಾದಾಗ ಹಣ ಮರಳಿ ತೆಗೆಯಬಹುದು. ಹಾಗೆ ಉಳಿತಾಯವಾದ ಬಡ್ಡಿ ಆದಾಯವಲ್ಲದ ಕಾರಣ ಅದಕ್ಕೆ ತೆರಿಗೆಯಿಲ್ಲ. ಠೇವಣಿಯ ಬಡ್ಡಿ ಹಾಗಲ್ಲ: ಶೇ. 7 ಕೊಟ್ಟರೂ 20 ಪರ್ಸೆಂಟ್ ತೆರಿಗೆಯ ಹಂತದಲ್ಲಿರುವವರ ಕೈಗೆ ಉಳಿಯುವುದು ಐದೂವರೆಯಷ್ಟೇ.

ತೊಗರಿಯ ಹಣ ಹೊಂದಿಕೊಳ್ಳುವುದು ಇಂಥ ಖಾತೆಗೇ. ಜನವರಿಯಿಂದ ಜೂನ್ ಮೊದಲ ವಾರದವರೆಗೆ, ಐದು ತಿಂಗಳು, ನಿಮ್ಮ 3 ಲಕ್ಷ ಉಳಿತಾಯ ಖಾತೆಯಲ್ಲಿ ಮಲಗಿದ್ದರೆ ಮೂರು ಸಾವಿರ ಚಿಲ್ಲರೆ ಬಡ್ಡಿ ಬಂದೀತು. ಅದೇ ಹಣ ಸಾಲದ ಖಾತೆಯಲ್ಲಿದ್ದರೆ, 8.75ರ ದರದಲ್ಲಿ ಸುಮಾರು 10,900 ರೂಪಾಯಿ ಬಡ್ಡಿಯನ್ನು ತಡೆಯುತ್ತದೆ. ಆದರೆ ಕಾಲು ಪರ್ಸೆಂಟನ್ನು ಮರೆಯಬೇಡಿ, ಅದು ಬೀಳುವುದು ಪೂರ್ತಿ ಸಾಲದ ಮೇಲೆ. ಠೇವಣಿಯ 3 ಲಕ್ಷ ಕಟ್ಟಿದ ಮೇಲೆ ಬಾಕಿ ಉಳಿಯುವ 20.37 ಲಕ್ಷಕ್ಕೆ ವರ್ಷಕ್ಕೆ 5,100 ರೂಪಾಯಿ ಹೆಚ್ಚುವರಿ. ಬರೀ ತೊಗರಿ ಹಣಕ್ಕಾಗಿ ಬದಲಿಸಿಕೊಂಡರೆ ಉಳಿಯುವುದು ಎರಡೂವರೆ ಸಾವಿರದಷ್ಟು. ಅದಕ್ಕಾಗಿ ಇಷ್ಟು ಕಾಗದಪತ್ರ ಓಡಾಡಿಸುವುದು ನನಗೆ ಸರಿಯೆನಿಸದು. ಆಪತ್ತಿಗೆಂದು ಉಳಿಸಿಕೊಂಡ 2 ಲಕ್ಷವನ್ನೂ ಅದರಲ್ಲೇ ವರ್ಷವಿಡೀ ಇಟ್ಟರೆ ಮಾತ್ರ, ಠೇವಣಿಗೆ ಹೋಲಿಸಿದಾಗ ಎಲ್ಲ ಕಳೆದು ವರ್ಷಕ್ಕೆ 9 ಸಾವಿರದ ಹತ್ತಿರ ಲಾಭ. ಬದಲಾವಣೆಯ ಶುಲ್ಕ ಅದಕ್ಕಿಂತ ಹೆಚ್ಚಿದ್ದರೆ ಎಷ್ಟು ವರ್ಷದಲ್ಲಿ ಅದು ಮರಳುತ್ತದೆಂದು ನೋಡಿಕೊಳ್ಳಿ.

ಈ ಖಾತೆಗೆ ಬದಲಿಸಿಕೊಂಡ ಮೇಲೆ ನಾನು ಎರಡನೆಯ ಸಲ ಎಡವಿದೆ. ಮೊಬೈಲಿನಲ್ಲಿ ಖಾತೆ ತೆರೆದರೆ 'ಲಭ್ಯ ಮೊತ್ತ' ಎಂದು ಕಾಣುತ್ತದೆ, ಸ್ವಂತ ದುಡ್ಡೇ ಬಿದ್ದಿದೆಯೇನೋ ಎಂಬಂತೆ. ಒಂದು ಬೇಸಿಗೆಯಲ್ಲಿ ಕಾಂಪೌಂಡ್ ಗೋಡೆಯೂ ಆಗಲಿ, ಅಂಗಳಕ್ಕೆ ಶಹಾಬಾದ್ ಫರಸಿಯೂ ಆಗಲಿ ಎಂದು 1.4 ಲಕ್ಷ ತೆಗೆದೆ. ಅದನ್ನು ಮತ್ತೆ ತುಂಬಲು ಹದಿನಾಲ್ಕು ತಿಂಗಳು ಬೇಕಾಯಿತು. ಅಂಗಳವೇನೋ ಚೆನ್ನಾಗಿದೆ. ಇನ್ನೊಂದು ಮಾತು: ಈ ಖಾತೆಯಲ್ಲಿ ಹಣ ತೆಗೆಯುವ ಮಿತಿ ಕಂತಿನ ಪಟ್ಟಿಯಂತೆ ತಿಂಗಳು ತಿಂಗಳು ಇಳಿಯುತ್ತ ಹೋಗುತ್ತದೆ, ಅದನ್ನು ಮೊದಲೇ ಬರೆಸಿಕೊಂಡು ತಿಳಿದುಕೊಳ್ಳಿ.

ತೆರಿಗೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಹಳೆಯ ಪದ್ಧತಿಯಲ್ಲಿದ್ದರೆ ಸ್ವಂತ ವಾಸದ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಸಿಗುವುದರಿಂದ ಲಾಭದ ಲೆಕ್ಕ ತುಸು ಇಳಿಯುತ್ತದೆ. ಹೊಸ ಪದ್ಧತಿಯಲ್ಲಿ ಆ ವಿನಾಯಿತಿಯೇ ಇಲ್ಲವಾದ್ದರಿಂದ ಮೇಲಿನ ಲೆಕ್ಕ ಹಾಗೇ ನಿಲ್ಲುತ್ತದೆ.

ಇದೆಲ್ಲಕ್ಕೂ ಮೊದಲು ನಿಮ್ಮ ದರವನ್ನು ಪ್ರಶ್ನಿಸಿ. 2025ರ ಫೆಬ್ರವರಿಯಿಂದ ಜೂನ್ ನಡುವೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು) 6.50ರಿಂದ 5.50ಕ್ಕೆ ಇಳಿಸಿತು. ಅಲ್ಲಿಂದೀಚೆಗೆ ನಿಮ್ಮ ಸಾಲದ ಬಡ್ಡಿ ಇಳಿದೇ ಇಲ್ಲವಾದರೆ, ಸಾಲ ರೆಪೊಗೆ ಜೋಡಣೆಯಾಗಿದೆಯೇ ಎಂದು ಲಿಖಿತವಾಗಿ ಕೇಳಿ. ದರವೇ ಅರ್ಧ ಪರ್ಸೆಂಟ್ ಇಳಿದರೆ 23.37 ಲಕ್ಷದ ಮೇಲೆ ಮೊದಲ ವರ್ಷವೇ 11 ಸಾವಿರಕ್ಕೂ ಹೆಚ್ಚು ಉಳಿಯುತ್ತದೆ, ಅದೂ ಠೇವಣಿಯನ್ನು ಮುಟ್ಟದೆ.

ಓವರ್‌ಡ್ರಾಫ್ಟ್ ಮಾದರಿಯನ್ನೇ ಆರಿಸಿಕೊಂಡರೆ, ಗಂಜಿನ ಅಡತಿಯವರಿಂದ (ಮಾರುಕಟ್ಟೆಯ ದಲ್ಲಾಳಿಗಳಿಂದ) ಬಂದ ತೊಗರಿ ಹಣವನ್ನು ಅದೇ ದಿನ ಸಾಲದ ಖಾತೆಗೆ ವರ್ಗಾಯಿಸಿ, ಏಕೆಂದರೆ ಬಡ್ಡಿ ದಿನದ ಲೆಕ್ಕದ್ದು. ಹೊಲ ತಂದೆಯವರ ಹೆಸರಿನಲ್ಲಿದ್ದು ಅಣ್ಣತಮ್ಮಂದಿರ ಪಾಲೂ ಅದರಲ್ಲಿದ್ದರೆ, ಎಲ್ಲರಿಗೂ ತಿಳಿಸಿ, ಮಿರಗಕ್ಕೆ ಎಷ್ಟು ಮರಳಿಸಬೇಕೆಂಬುದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಂಡು ಆಮೇಲೆ ಹಾಕಿ.