ಮುಂಬೈಯ ಹಳೆಯ ಗಿರಣಿ, ಗೋದಾಮುಗಳಲ್ಲಿ ಈಗ ಹೋಟೆಲುಗಳಲ್ಲದೆ ನೋಡುವಂಥದ್ದು ಏನಾದರೂ ಉಳಿದಿದೆಯೇ? ನನಗಿರುವುದು ಅರ್ಧ ದಿನದ ಬಿಡುವು.

ಉಳಿದಿದೆ, ಆದರೆ ಅದನ್ನು ಕಾಣಬೇಕಾದರೆ ತಲೆಯೆತ್ತಿ ನೋಡಬೇಕು. ನಿಮಗಿರುವುದು ಅರ್ಧ ದಿನದ ಬಿಡುವು ಎಂದಿರುವುದರಿಂದ ನಾನು ಸೂಚಿಸುವುದು ಒಂದೇ ಜಾಗ: ಲೋವರ್ ಪರೇಲ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದಾದ, ಎನ್. ಎಂ. ಜೋಶಿ ಮಾರ್ಗದ ಮಥುರಾದಾಸ್ ಮಿಲ್ ಕಾಂಪೌಂಡ್.

ಅಲ್ಲಿಯ ಹಳೆಯ ಶೆಡ್ಡುಗಳ ಛಾವಣಿ ಗರಗಸದ ಹಲ್ಲಿನಂತೆ ಏರಿಳಿಯುತ್ತದೆ. ಇಂಥ ಛಾವಣಿಯಲ್ಲಿ ಪ್ರತಿ ಹಲ್ಲಿನ ಕಡಿದಾದ ಬದಿಗೆ ಗಾಜು ಕೂರಿಸಿ, ಅದನ್ನು ಉತ್ತರಕ್ಕೆ ತಿರುಗಿಸಿರುತ್ತಾರೆ. ಬಿಸಿಲು ನೇರವಾಗಿ ಬೀಳದೆ ದಿನವಿಡೀ ಒಂದೇ ಹದದ ಬೆಳಕು ಒಳಬಂದರೆ, ಮಗ್ಗದ ಮುಂದೆ ನಿಂತವನಿಗೆ ಕಡಿದ ಎಳೆ ಕೂಡಲೇ ಕಾಣುತ್ತದೆ. 2007ರಲ್ಲಿ ಬ್ಲೂ ಫ್ರಾಗ್ ಎಂಬ ಸಂಗೀತದ ತಾಣ ತೆರೆದದ್ದೂ ಈ ಆವರಣದ ಇಂಥದೊಂದು ಗೋದಾಮಿನಲ್ಲಿಯೇ. ಅದು ಮುಚ್ಚಿ ವರ್ಷಗಳಾದವು. ರಾತ್ರಿಯ ಬಣ್ಣದ ದೀಪಗಳಲ್ಲಿ ಈ ಛಾವಣಿ ಕಣ್ಣಿಗೇ ಬೀಳುವುದಿಲ್ಲವಾದ್ದರಿಂದ, ಕಚೇರಿಯವರು ಊಟಕ್ಕೆ ಇಳಿಯುವ ಮುನ್ನ, ಹನ್ನೊಂದರ ಸುಮಾರಿಗೆ ಹೋಗುವುದು ಒಳ್ಳೆಯದು.

ಸುತ್ತಲಿನ ಗಾಜಿನ ಗೋಪುರಗಳ ನಡುವೆ ಈ ಶೆಡ್ಡುಗಳು ಕುಳ್ಳಗೆ ಕಾಣುವುದಕ್ಕೂ ಕಾರಣವಿದೆ. 1982ರ ಬಟ್ಟೆ ಗಿರಣಿ ಕಾರ್ಮಿಕರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ನಿಂತವು. 1991ರ ನಿಯಮವು ತೆರವಾಗುವ ಭೂಮಿಯನ್ನು ನಗರಪಾಲಿಕೆ, ಮ್ಹಾಡಾ (ರಾಜ್ಯದ ವಸತಿ ಪ್ರಾಧಿಕಾರ) ಮತ್ತು ಮಾಲೀಕರ ನಡುವೆ ಮೂರು ಪಾಲು ಮಾಡಬೇಕೆಂದಿತ್ತು. 2001ರ ತಿದ್ದುಪಡಿಯು ಆ ಹಂಚಿಕೆಯನ್ನು ಮೊದಲೇ ಖಾಲಿಯಿದ್ದ ಜಾಗಕ್ಕಷ್ಟೇ ಸೀಮಿತಗೊಳಿಸಿತು, 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿಗೆ, ಶೆಡ್ಡು ಕೆಡವಿದ ನೆಲದಲ್ಲಿ ಗೋಪುರ ಕಟ್ಟುವುದು ಮಾಲೀಕರಿಗೆ ಲಾಭದ ಮಾತಾಯಿತು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. 2017ರ ಡಿಸೆಂಬರಿನಲ್ಲಿ ಹತ್ತಿರದ ಕಮಲಾ ಮಿಲ್ಸ್ ಆವರಣದ ಮಹಡಿ ಹೋಟೆಲುಗಳಲ್ಲಿ ಬೆಂಕಿ ಬಿದ್ದು 14 ಮಂದಿ ಸತ್ತರು. ನಾನಂತೂ ಕೂರುವ ಮೊದಲು ಹೊರಬಾಗಿಲು ಎಲ್ಲಿದೆಯೆಂದು ನೋಡಿಕೊಳ್ಳುತ್ತೇನೆ.

ಕಳೆದ ವರ್ಷ ನನ್ನ ಸೋದರಮಾವನನ್ನು ಮಥುರಾದಾಸ್ ಕಾಂಪೌಂಡಿಗೆ ಕರೆದೊಯ್ದಿದ್ದೆ. ಗಿರಣಗಾಂವ್‌ನ, ಅಂದರೆ ಈ ಗಿರಣಿಗಳ ಪ್ರದೇಶದ, ಒಂದು ಉಡುಪಿ ಹೋಟೆಲಿನಲ್ಲಿ ಅವರು ಇಪ್ಪತ್ತು ವರ್ಷ ದುಡಿದವರು; ಪಾಳಿಯ ಭೋಂಗಾ (ಗಿರಣಿಯ ಸೈರನ್) ಕೂಗುವ ಮೊದಲೇ ಇಡ್ಲಿ ಇಳಿಸಿರಬೇಕಿತ್ತಂತೆ. ಆದರೆ ಯಾವ ಗಿರಣಿಯ ಗೇಟನ್ನೂ ಅವರು ದಾಟಿದವರಲ್ಲ. ಕಾಫಿಯನ್ನು ಆರಲು ಬಿಟ್ಟು, ಕುತ್ತಿಗೆ ನೋಯುವವರೆಗೂ ಅವರು ಛಾವಣಿಯನ್ನೇ ನೋಡುತ್ತಿದ್ದರು. ಆಮೇಲೆ ಬಿಲ್ಲನ್ನು ನೋಡಿದರು.