ಮೂರನೆಯ ಪ್ಯಾರಾದ ಎರಡು ವಾಕ್ಯಗಳು

ಮಾನ್ಯರೇ,

ವೆಬ್ ಸರ್ವರ್‌ಗೆ ಬಂದ ಕೋರಿಕೆ ಅದೇ ಯಂತ್ರದ ಯುನಿಕ್ಸ್ ಸಾಕೆಟ್‌ನದೋ (ಒಂದೇ ಯಂತ್ರದ ಪ್ರೋಗ್ರಾಂಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ದಾರಿ) ನೆಟ್‌ವರ್ಕ್‌ನದೋ ಎಂದು ಗುರುತಿಸುವುದನ್ನು ಕುರಿತ ನಿಮ್ಮ ಲೇಖನವನ್ನು ಓದಿದೆ. ಭಾಷೆ ತಿಳಿಯಾಗಿದೆ, ವಿಷಯವೂ ಕನ್ನಡದಲ್ಲಿ ಬರಬೇಕಾದದ್ದೇ. ಆದರೆ ಮೂರನೆಯ ಪ್ಯಾರಾದ ಎರಡು ವಾಕ್ಯಗಳು ನನ್ನನ್ನು ಮುಂದೆ ಹೋಗಗೊಡಲಿಲ್ಲ.

‘ಕೋರಿಕೆ 127.0.0.1ರಿಂದ ಬಂದಿದ್ದರೆ ಅದು ಸ್ಥಳೀಯ ಸಾಕೆಟ್‌ನದು’ ಎಂದು ಬರೆದಿದ್ದೀರಿ. ಅಲ್ಲ. ಅದು ಲೂಪ್‌ಬ್ಯಾಕ್ ವಿಳಾಸ, ಅಂದರೆ ಯಂತ್ರ ತನ್ನನ್ನೇ ಕರೆದುಕೊಳ್ಳುವ ಐಪಿ ವಿಳಾಸ. ಯಂತ್ರದಿಂದ ಆಚೆ ಹೋಗದಿದ್ದರೂ ಅಲ್ಲಿ ನಡೆಯುವುದು ಐಪಿ ವ್ಯವಹಾರವೇ, ಪೋರ್ಟ್ ಸಂಖ್ಯೆಯೂ ಇರುತ್ತದೆ. ಯುನಿಕ್ಸ್ ಸಾಕೆಟ್‌ಗೆ ಐಪಿ ವಿಳಾಸವೇ ಇಲ್ಲ. ಆದ್ದರಿಂದಲೇ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಅಂಥ ಕೋರಿಕೆ ಬಂದಾಗ ಲಾಗ್‌ನಲ್ಲಿ ವಿಳಾಸದ ಜಾಗದಲ್ಲಿ ‘ಯುನಿಕ್ಸ್:’ ಎಂದಷ್ಟೇ ಬರೆಯುತ್ತದೆ. ನಿಮ್ಮ ಉದಾಹರಣೆಯ ಕೋಡ್ ಏನು ಮಾಡುತ್ತದೆ? ವಿಳಾಸ ಖಾಲಿ ಕಂಡರೆ ಅಲ್ಲಿ 127.0.0.1 ಎಂದು ತುಂಬುತ್ತದೆ. ಅಂದರೆ ಎರಡನ್ನೂ ಬೇರ್ಪಡಿಸಲು ಕೈಯಲ್ಲಿದ್ದ ಸುಳಿವನ್ನೇ ಅಳಿಸಿಹಾಕುತ್ತದೆ. ಸಂಪರ್ಕ ಯಾವ ಸಾಕೆಟ್‌ನಲ್ಲಿ ಬಂತೆಂದು ಸರ್ವರ್‌ಗೆ ಗೊತ್ತೇ ಇರುತ್ತದೆ. ಸಾಕೆಟ್‌ನ ಈಚೆ ತುದಿಯ ವಿಳಾಸ ಹೇಳುವ ಗೆಟ್‌ಸಾಕ್‌ನೇಮ್ ಎಂಬ ಫಂಕ್ಷನ್ ಕರೆದು ವಿಳಾಸದ ವರ್ಗವನ್ನು ನೋಡಿದರೆ ಸಾಕಿತ್ತು.

ಎರಡನೆಯದು ನನ್ನನ್ನು ನಿಜಕ್ಕೂ ಸಿಟ್ಟಿಗೆಬ್ಬಿಸಿತು: ‘ಸ್ಥಳೀಯ ಕೋರಿಕೆಗೆ ಪಾಸ್‌ವರ್ಡ್ ಕೇಳಬೇಕಾಗಿಲ್ಲ.’ ಹೊರಗಿನ ಕೋರಿಕೆಗಳನ್ನು ಪಡೆದು ಯುನಿಕ್ಸ್ ಸಾಕೆಟ್ ಮೂಲಕ ಸರ್ವರ್‌ಗೆ ದಾಟಿಸುವ ಪ್ರಾಕ್ಸಿಯೊಂದು ಮುಂದೆ ಕೂತಿದ್ದರೆ ಲೋಕದ ಕೋರಿಕೆಗಳೆಲ್ಲವೂ ಆ ಸಾಕೆಟ್‌ನಲ್ಲೇ ಒಳಬರುತ್ತವೆ. ಲಿನಕ್ಸ್‌ನಲ್ಲಿ ಎಸ್‌ಒ_ಪಿಯರ್‌ಕ್ರೆಡ್ ಎಂಬ ಸಾಕೆಟ್ ಆಯ್ಕೆಯ ಮೂಲಕ ಆಚೆ ತುದಿಯ ಪ್ರಕ್ರಿಯೆಯ ಸಂಖ್ಯೆಯನ್ನೂ ಬಳಕೆದಾರನ ಗುರುತನ್ನೂ ಕೇಳಬಹುದು, ನಿಜ. ಆದರೆ ಉತ್ತರವಾಗಿ ಸಿಗುವುದು ಪ್ರಾಕ್ಸಿಯ ಗುರುತೇ ಹೊರತು ಅದರ ಹಿಂದಿರುವವರದಲ್ಲ. ಮೂಲ ಕೋರಿಕೆ ಯಾವ ವಿಳಾಸದ್ದೆಂದು ಹೇಳುವ ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರ್ ಅನ್ನು ಯಾರು ಬೇಕಾದರೂ ಬರೆದು ಕಳಿಸಬಹುದಾದ್ದರಿಂದ, ನಿಮ್ಮದೇ ಪ್ರಾಕ್ಸಿ ಸೇರಿಸಿದ ಭಾಗವನ್ನಷ್ಟೇ ನಂಬಬೇಕು.

ನಾನು ಈ ಕೆಲಸ ಕಲಿಯುತ್ತಿದ್ದ ಕಚೇರಿಯಲ್ಲಿ ಹಿರಿಯರೊಬ್ಬರು ಕೋಡ್ ಮುಟ್ಟುವ ಮೊದಲು ಸಾಕೆಟ್‌ಗಳ ಪಟ್ಟಿ ತೋರಿಸುವ ಎಸ್‌ಎಸ್ ಆಜ್ಞೆ ಕೊಡಿಸಿ, ಯಾವ ಪ್ರಕ್ರಿಯೆ ಯಾವ ಪೋರ್ಟ್‌ನಲ್ಲಿ, ಯಾವ ಸಾಕೆಟ್ ಫೈಲ್‌ನಲ್ಲಿ ಕಾಯುತ್ತಿದೆ ಎಂಬುದನ್ನು ಕಾಗದದ ಮೇಲೆ ಕೈಯಾರೆ ಬರೆಸುತ್ತಿದ್ದರು. ಬರೆದದ್ದನ್ನು ಒಪ್ಪಿಸಿದರೆ ಪ್ರತಿ ಸಾಲಿಗೂ ಅವರದು ಒಂದೇ ಪ್ರಶ್ನೆ: ‘ಇವನು ಬಂದಿರುವುದು ಯಾರ ಪರವಾಗಿ?’ ಆಗ ಅದು ಕಿರಿಕಿರಿಯೆನಿಸುತ್ತಿತ್ತು. ಈಗ ಅದೇ ಪ್ರಶ್ನೆಯನ್ನು ನಿಮಗೆ ದಾಟಿಸುತ್ತಿದ್ದೇನೆ.

ಕೋರಿಕೆ ಕಳಿಸುವ ಸಾಧನವಾದ ಕರ್ಲ್‌ನ ಯುನಿಕ್ಸ್ ಸಾಕೆಟ್ ಆಯ್ಕೆಯಿಂದ ಒಂದು, 127.0.0.1ಕ್ಕೆ ಒಂದು, ಬೇರೆ ಯಂತ್ರದಿಂದ ಪ್ರಾಕ್ಸಿಯ ಮೂಲಕ ಒಂದು ಕೋರಿಕೆ ಕಳಿಸಿ, ಮೂರರ ಲಾಗ್ ಸಾಲುಗಳನ್ನೂ ಇಟ್ಟುಕೊಂಡು ಆ ಪ್ಯಾರಾವನ್ನು ಹೊಸದಾಗಿ ಬರೆಯಿರಿ. ಉಳಿದ ಪುಟಗಳ ಮಾತು ಆಮೇಲೆ.

ಇತಿ,
ಸಂಪಾದಕ